ಕಂಠಕ್ಕೆ ತಕ್ಕ ಶ್ರುತಿ: ಹವ್ಯಾಸಿ ಗಾಯಕರಿಗೊಂದು ಸಾಧನಾಕ್ರಮ

ಮೈಸೂರಿನ ಬಡಾವಣೆಗಳಲ್ಲಿ ಶನಿವಾರ ಸಂಜೆ ನಡೆಯುವ ಭಜನೆಯಲ್ಲಾಗಲಿ, ಮಂಡ್ಯದ ಗಣಪತಿ ಪೆಂಡಾಲಿನ ಸುಗಮ ಸಂಗೀತದಲ್ಲಾಗಲಿ, ಕರೋಕೆ ಬಳಗದವರು ತಿಂಗಳಿಗೊಮ್ಮೆ ಸೇರುವ ಕೂಟದಲ್ಲಾಗಲಿ ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪಲ್ಲವಿಯನ್ನು ಹಿತವಾಗಿ ಹಾಡಿದವರು ಚರಣ ಮೇಲಕ್ಕೆ ಏರುತ್ತಿದ್ದಂತೆ ಗಲ್ಲವನ್ನು ಎತ್ತುತ್ತಾರೆ, ಕುತ್ತಿಗೆಯ ನರಗಳು ಉಬ್ಬುತ್ತವೆ, ಸ್ವರ ಇನ್ನೇನು ಮುಟ್ಟಿತು ಎನ್ನುವಷ್ಟರಲ್ಲಿ ಕೂದಲೆಳೆಯಷ್ಟು ಕೆಳಗೇ ನಿಂತುಬಿಡುತ್ತದೆ. ವೇದಿಕೆಯಿಂದ ಇಳಿದ ಮೇಲೆ ಅವರು ಹೇಳುವುದು ಒಂದೇ ಮಾತು: "ನನ್ನ ಧ್ವನಿ ಅಷ್ಟು ಚೆನ್ನಾಗಿಲ್ಲ." ಭಜನಾ ಮಂಡಳಿಯೊಂದರಲ್ಲಿ ಹದಿನೆಂಟು ವರ್ಷ ಹಾಡಿ, ಹೊಸದಾಗಿ ಬಂದವರಿಗೆ ಪಾಠ ಹೇಳುವ ಕೆಲಸವನ್ನೂ ಮಾಡಿದ ಮೇಲೆ ನನಗೆ ಮನವರಿಕೆಯಾಗಿರುವುದೇನೆಂದರೆ, ಇಂಥವರಲ್ಲಿ ಹೆಚ್ಚಿನವರ ಧ್ವನಿಯಲ್ಲಿ ಯಾವ ದೋಷವೂ ಇರುವುದಿಲ್ಲ, ಅವರು ತಮ್ಮದಲ್ಲದ ಶ್ರುತಿಯಲ್ಲಿ, ಬೇಕಾದುದಕ್ಕಿಂತ ಜೋರಾಗಿ ಹಾಡುತ್ತಿರುತ್ತಾರೆ. ಇವೆರಡನ್ನು ಸರಿಪಡಿಸಿಕೊಂಡರೆ ಉಳಿದ ಸಾಧನೆಗೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ನಿಮ್ಮ ಮನೆ ಯಾವುದು

ನಮ್ಮ ಕಡೆಯ ಸಂಗೀತಗಾರರು ಶ್ರುತಿಯನ್ನು, ಅಂದರೆ ಹಾಡಿಗೆ ಆಧಾರವಾದ ಷಡ್ಜದ ('ಸ'ದ) ಎತ್ತರವನ್ನು, ಮನೆಯ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮನೆ, ಒಂದೂವರೆ ಮನೆ, ಐದು ಮನೆ, ಐದೂವರೆ ಮನೆ ಎಂಬ ಈ ಲೆಕ್ಕ ಹಾರ್ಮೋನಿಯಂನ ಬಿಳಿ ಮತ್ತು ಕಪ್ಪು ಮನೆಗಳಿಂದ ಬಂದದ್ದು. ಪಾಶ್ಚಾತ್ಯರು 'ಸಿ' ಎನ್ನುವುದು ನಮ್ಮ ಒಂದನೆಯ ಮನೆ, ಅವರ 'ಜಿ' ನಮ್ಮ ಐದನೆಯದು. ಸಾಮಾನ್ಯವಾಗಿ ಗಂಡಸರ ಕಂಠ ಒಂದರಿಂದ ಎರಡು ಮನೆಯ ಸುತ್ತ, ಹೆಂಗಸರ ಕಂಠ ಐದರಿಂದ ಆರು ಮನೆಯ ಸುತ್ತ ನೆಲೆ ನಿಲ್ಲುತ್ತದೆ. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡಸು ಮಧ್ಯಸ್ಥಾಯಿಯ ಷಡ್ಜವನ್ನು ಹಿಡಿದಾಗ ಆತನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 131 ಬಾರಿ ಕಂಪಿಸುತ್ತವೆ. ಐದು ಮನೆಯಲ್ಲಿ ಹಾಡುವ ಹೆಂಗಸಿನ ಷಡ್ಜಕ್ಕೆ 196 ಬಾರಿ ಕಂಪಿಸುತ್ತವೆ, ಮೇಲಿನ ಸ್ಥಾಯಿಯ 'ಸ'ವಾದ ತಾರಷಡ್ಜಕ್ಕೆ ಅದರ ಎರಡರಷ್ಟು, ಅಂದರೆ 392 ಬಾರಿ. ಹಾಡುವಾಗ ನಮಗೆ ಗೊತ್ತಾಗದೆ ಗಂಟಲಿನಲ್ಲಿ ಇಷ್ಟು ದೊಡ್ಡ ಕೆಲಸ ನಡೆದಿರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ಮನೆ ಏರಿಸುವ ಇಳಿಸುವ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲಾರರು.

ನಿಮ್ಮ ಶ್ರುತಿಯನ್ನು ಹುಡುಕುವುದು ಹತ್ತು ನಿಮಿಷದ ಕೆಲಸ. ನಿದ್ರೆಯಿಂದ ಎದ್ದ ತಕ್ಷಣ ಇದನ್ನು ಮಾಡಬಾರದು, ಏಕೆಂದರೆ ಆಗ ಕಂಠ ಸಹಜವಾಗಿಯೇ ತಗ್ಗಿರುತ್ತದೆ; ಎದ್ದು ಎರಡು ಮೂರು ಗಂಟೆ ಕಳೆದು, ಮಾತಾಡಿ ಧ್ವನಿ ಬಿಟ್ಟ ಮೇಲೆ ಕುಳಿತುಕೊಳ್ಳಿ. ಹಾರ್ಮೋನಿಯಂ ಇಲ್ಲದಿದ್ದರೆ ಮೊಬೈಲಿನಲ್ಲಿರುವ ಯಾವುದಾದರೂ ಕೀಬೋರ್ಡ್ ಆ್ಯಪ್ ಸಾಕು. ಹಿತವಾದ ಒಂದು ಸ್ವರದಿಂದ ಆರಂಭಿಸಿ 'ಆ' ಎಂದು ಮೆಲ್ಲಗೆ ಹಾಡುತ್ತ, ಬಿಳಿ ಕಪ್ಪು ಎರಡನ್ನೂ ಬಿಡದೆ, ಒಂದೊಂದೇ ಮನೆ ಕೆಳಗೆ ಇಳಿಯಿರಿ. ಸ್ವರ ಸ್ಪಷ್ಟವಾಗಿ ಕೇಳುವ ಕೊನೆಯ ಜಾಗ, ಅಂದರೆ ಅದರ ಕೆಳಗೆ ಬರೀ ಗಾಳಿಯೋ ಗೊರಗೊರ ಸದ್ದೋ ಬರುವಂಥ ಜಾಗ, ಯಾವುದೆಂದು ಗುರುತು ಮಾಡಿಕೊಳ್ಳಿ. ಅದನ್ನೇ ನಿಮ್ಮ ಮಂದ್ರ ಪಂಚಮವೆಂದು (ಕೆಳಗಿನ ಸ್ಥಾಯಿಯ 'ಪ') ಇಟ್ಟುಕೊಂಡು, ಅದನ್ನು ಲೆಕ್ಕಕ್ಕೆ ಹಿಡಿಯದೆ ಅದರ ಮೇಲಿನದರಿಂದ ಬಿಳಿ ಕಪ್ಪು ಎರಡನ್ನೂ ಎಣಿಸುತ್ತ ಐದನೆಯ ಪಟ್ಟಿಗೆ ಬಂದರೆ ಅದು ನಿಮ್ಮ ಷಡ್ಜವಾಗಬಹುದಾದ ಜಾಗ. ಈಗ ಮೇಲಿನ ತುದಿಯನ್ನು ಪರೀಕ್ಷಿಸಬೇಕು. ಆ ಷಡ್ಜವನ್ನಿಟ್ಟುಕೊಂಡು ತಾರಸ್ಥಾಯಿಯ ಗಾಂಧಾರ, ಮಧ್ಯಮಗಳನ್ನು ಗಲ್ಲ ಎತ್ತದೆ, ಹುಬ್ಬು ಗಂಟಿಕ್ಕದೆ, ಮಾತಿನಷ್ಟೇ ಮೆಲ್ಲಗೆ ಹಾಡಲು ಸಾಧ್ಯವಾದರೆ ಮನೆ ಸಿಕ್ಕಿತು. ಕೂಗದೆ ಅವು ಬರುವುದಿಲ್ಲವಾದರೆ ಶ್ರುತಿಯನ್ನು ಅರ್ಧ ಮನೆ ಇಳಿಸಿ ಮತ್ತೆ ನೋಡಿ. ಮೇಲೂ ಕೆಳಗೂ ಎರಡೂ ಕಡೆ ಕಷ್ಟವೆನಿಸಿದರೆ ಮೇಲಿನದಕ್ಕೆ ಆದ್ಯತೆ ಕೊಡಿ, ಏಕೆಂದರೆ ಹಾಡುಗಳಲ್ಲಿ ಮಂದ್ರಸ್ಥಾಯಿಯ ಸಂಚಾರ ಕಡಿಮೆ, ಮತ್ತು ಸಾಧನೆಯಿಂದ ಮಂದ್ರ ನಿಧಾನವಾಗಿ ಕೂಡಿಬರುತ್ತದೆ.

ಮೆಚ್ಚಿನ ಗಾಯಕರ ಶ್ರುತಿಯನ್ನೇ ಹಿಡಿಯಬೇಕೆಂಬ ಆಸೆ ಅನೇಕರಿಗಿರುತ್ತದೆ. ಕರೋಕೆಯಲ್ಲಿ ಹಾಡುವವರಂತೂ ಟ್ರ್ಯಾಕ್ ಯಾವ ಶ್ರುತಿಯಲ್ಲಿ ಸಿಕ್ಕಿತೋ ಅದರಲ್ಲೇ ಹಾಡಿಬಿಡುತ್ತಾರೆ. ಚಿತ್ರಗೀತೆಯ ಟ್ರ್ಯಾಕ್ ಅನ್ನು ಆ ಹಾಡನ್ನು ಮೊದಲು ಹಾಡಿದವರ ಕಂಠಕ್ಕೆ ಅಳತೆ ಮಾಡಿ ಹೊಲಿದಿರುತ್ತಾರೆ. ಅದನ್ನು ಅರ್ಧ ಮನೆ, ಒಂದು ಮನೆ ಇಳಿಸುವ ಅಥವಾ ಏರಿಸುವ ಸೌಲಭ್ಯ ಈಗಿನ ಬಹುತೇಕ ಕರೋಕೆ ಆ್ಯಪ್‌ಗಳಲ್ಲಿದೆ. ಅದನ್ನು ಬಳಸಲು ಸಂಕೋಚಪಡಬೇಡಿ.

ಗಂಡಸರೂ ಹೆಂಗಸರೂ ಕೂಡಿ ಹಾಡುವ ಭಜನಾ ಮಂಡಳಿಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಇಬ್ಬರಿಗೂ ನಡುವಿನದೆಂದು ಮೂರು ಅಥವಾ ನಾಲ್ಕು ಮನೆಯನ್ನು ಇಟ್ಟುಕೊಳ್ಳುವ ಪದ್ಧತಿ ಅನೇಕ ಕಡೆ ಇದೆ. ಅದರಿಂದ ಗಂಡಸರು ಕಿರುಚುವಂತಾಗುತ್ತದೆ, ಹೆಂಗಸರಿಗೆ ಮಂದ್ರದ ಸ್ವರಗಳು ಕೇಳಿಸದೇ ಹೋಗುತ್ತವೆ. ನಮ್ಮ ಮಂಡಳಿಯಲ್ಲಿ ವರ್ಷಗಳ ಕಾಲ ಹೀಗೆಯೇ ನಡೆದಿತ್ತು. ಈಗ ಹಾಡನ್ನು ಎತ್ತುವವರು ಯಾರೋ ಅವರ ಶ್ರುತಿಗೆ ಪೆಟ್ಟಿಗೆಯನ್ನು ಬದಲಿಸಿಕೊಳ್ಳುತ್ತೇವೆ. ಹೆಂಗಸರು ಐದು ಮನೆಯಲ್ಲಿ ಎತ್ತಿದಾಗ ಗಂಡಸರು ಅದೇ ಷಡ್ಜದ ಕೆಳಗಿನ ಸ್ಥಾಯಿಯಲ್ಲಿ ಹಾಡುತ್ತಾರೆ, ತೀರ ಕೆಳಗಿನ ಸ್ವರ ಬಂದಾಗ ಸುಮ್ಮನೆ ತಾಳ ಹಾಕುತ್ತಾರೆ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯಲ್ಲಿ ಶ್ರುತಿ ಬದಲಿಸಲು ಕ್ಷಣಮಾತ್ರ ಸಾಕು.

ಕುಳಿತುಕೊಳ್ಳುವುದು, ಉಸಿರು ತೆಗೆದುಕೊಳ್ಳುವುದು

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಹಾಡುವ ನಮಗೆ ಒಂದು ಸಣ್ಣ ಉಪಾಯ ಬಹಳ ಉಪಕಾರ ಮಾಡುತ್ತದೆ. ಮಡಿಸಿದ ಜಮಖಾನೆಯನ್ನೋ ತೆಳ್ಳಗಿನ ದಿಂಬನ್ನೋ ಹಿಂಬದಿಗೆ ಇಟ್ಟು, ಸೊಂಟ ಮಂಡಿಗಳಿಗಿಂತ ನಾಲ್ಕು ಬೆರಳು ಎತ್ತರದಲ್ಲಿರುವಂತೆ ಕುಳಿತುಕೊಂಡರೆ ಬೆನ್ನು ತಾನಾಗಿ ನೇರವಾಗುತ್ತದೆ ಮತ್ತು ಹೊಟ್ಟೆಗೆ ಹಿಗ್ಗಲು ಜಾಗ ಸಿಗುತ್ತದೆ. ಹಾರ್ಮೋನಿಯಂ ಬಾರಿಸುತ್ತ ಹಾಡುವವರು ತಿದಿಯ ಕಡೆಗೆ ಬಾಗಿ ಕೂರುವುದರಿಂದ ಅರ್ಧ ಉಸಿರನ್ನು ಅಲ್ಲಿಯೇ ಕಳೆದುಕೊಳ್ಳುತ್ತಾರೆ. ವಾದ್ಯವನ್ನು ಒಂದು ಮಣೆಯ ಮೇಲಿಟ್ಟರೆ ಬಾಗುವುದು ತಪ್ಪುತ್ತದೆ. ಗಲ್ಲ ನೆಲಕ್ಕೆ ಸಮಾನಾಂತರವಾಗಿರಲಿ. ಮೇಲಿನ ಸ್ವರಕ್ಕೆ ಗಲ್ಲ ಎತ್ತಿದರೆ ಧ್ವನಿಪೆಟ್ಟಿಗೆಯೂ ಮೇಲಕ್ಕೆ ಎಳೆದುಕೊಂಡು ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಆ ಬಿಗಿತವೇ ಸ್ವರವನ್ನು ತೆಳ್ಳಗಾಗಿಸುತ್ತದೆ.

ಉಸಿರಿನ ವಿಷಯದಲ್ಲಿ ಹೆಚ್ಚು ಗಾಳಿ ತುಂಬಿಕೊಳ್ಳುವುದೇ ಸಾಮರ್ಥ್ಯವೆಂದು ತಿಳಿಯುವುದು ತಪ್ಪು. ತುಂಬಿಕೊಂಡ ಗಾಳಿಯನ್ನು ಹದವಾಗಿ ಬಿಡುವುದನ್ನು ಕಲಿಯಬೇಕು. ಚಾಪೆಯ ಮೇಲೆ ಅಂಗಾತ ಮಲಗಿ ಹೊಟ್ಟೆಯ ಮೇಲೆ ಒಂದು ದಪ್ಪ ಪುಸ್ತಕವನ್ನಿಟ್ಟುಕೊಳ್ಳಿ. ಮೂಗಿನಿಂದ ಉಸಿರೆಳೆದಾಗ ಪುಸ್ತಕ ಏರಬೇಕು, ಎದೆಯ ಮೇಲ್ಭಾಗ ಮತ್ತು ಭುಜ ಅಲುಗಬಾರದು. ನಂತರ ಹಲ್ಲುಗಳ ನಡುವಿನಿಂದ 'ಸ್' ಎಂದು ಉಸಿರನ್ನು ಬಿಡುತ್ತ, ಆ ಸದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರುವಂತೆ ನೋಡಿಕೊಳ್ಳಿ. ಮೊದಲ ವಾರ ಹನ್ನೆರಡು, ಹದಿನೈದು ಸೆಕೆಂಡು ಬಂದರೆ ಸಾಕು. ಎರಡು ಮೂರು ತಿಂಗಳಲ್ಲಿ ಇಪ್ಪತ್ತೈದು ಸೆಕೆಂಡಿನವರೆಗೆ ಹೋಗಬಹುದು. ಸಮಯ ಹೆಚ್ಚಿಸುವ ಹಟದಲ್ಲಿ ಕೊನೆಯ ಉಸಿರನ್ನು ಹಿಂಡಿ ತೆಗೆಯಬೇಡಿ, ಏಕೆಂದರೆ ಹಾಗೆ ಹಿಂಡುವ ಅಭ್ಯಾಸ ಹಾಡಿನಲ್ಲಿಯೂ ಬಂದುಬಿಡುತ್ತದೆ. ಇದು ರೂಢಿಯಾದ ಮೇಲೆ ಕುಳಿತು ಮಾಡಿ, ಪಕ್ಕೆಲುಬುಗಳ ಕೆಳತುದಿಗೆ ಎರಡೂ ಕೈಗಳನ್ನಿಟ್ಟು ಅವು ಹೊರಕ್ಕೆ ಅರಳುವುದನ್ನು ಗಮನಿಸಿ.

ಬೆಳಗಿನ ಅರ್ಧ ಗಂಟೆ

ನೌಕರಿಯಲ್ಲಿರುವವರಿಗೂ ಮನೆವಾರ್ತೆ ನೋಡುವವರಿಗೂ ದಿನಕ್ಕೆ ಎರಡು ಗಂಟೆಯ ಸಾಧನೆ ಆಗದ ಮಾತು. ಪ್ರತಿದಿನ ತಪ್ಪದೆ ಮಾಡುವ ಅರ್ಧ ಗಂಟೆ ಭಾನುವಾರ ಒಂದೇ ಪಟ್ಟಿಗೆ ಮಾಡುವ ಮೂರು ಗಂಟೆಗಿಂತ ಎಷ್ಟೋ ಮೇಲು. ಮೂರು ಗಂಟೆ ಒಂದೇ ಸಮನೆ ಹಾಡಿದರೆ ಪಳಗದ ಕಂಠ ಊದಿಕೊಳ್ಳುತ್ತದೆ, ಸೋಮವಾರ ಮಾತಾಡುವುದೇ ಕಷ್ಟವಾಗುತ್ತದೆ.

ಮೊದಲ ಐದು ನಿಮಿಷ ಹಾಡಬೇಡಿ, ಕಂಠವನ್ನು ಎಬ್ಬಿಸಿ. ತುಟಿ ಮುಚ್ಚಿ, ಒಳಗೆ ಹಲ್ಲುಗಳು ತಾಗದಂತೆ ಬಿಡಿಸಿಕೊಂಡು, 'ಮ್' ಎಂದು ಗುನುಗುತ್ತ ಮಧ್ಯಸ್ಥಾಯಿಯಲ್ಲಿ ಷಡ್ಜದಿಂದ ಪಂಚಮದವರೆಗೆ ಹೋಗಿ ಬನ್ನಿ. ತುಟಿಯ ಮೇಲೆ, ಮೂಗಿನ ಬುಡದಲ್ಲಿ ಸಣ್ಣ ಕಚಗುಳಿ ಅನುಭವಕ್ಕೆ ಬಂದರೆ ಧ್ವನಿ ಸರಿಯಾದ ಜಾಗದಲ್ಲಿ ಅನುರಣಿಸುತ್ತಿದೆ ಎಂದು ಅರ್ಥ. ಬಳಿಕ ಮಕ್ಕಳು ಗಾಡಿ ಓಡಿಸುವ ಆಟದಲ್ಲಿ ತುಟಿ ಬುರ್ರೆನ್ನಿಸುವಂತೆ ಎರಡೂ ತುಟಿಗಳನ್ನು ಕಂಪಿಸುತ್ತ ಅದೇ ಸ್ವರಗಳಲ್ಲಿ ಏರಿ ಇಳಿಯಿರಿ. ಇನ್ನೊಂದು ಕ್ರಮ ನನಗೆ ಅತ್ಯಂತ ಪ್ರಿಯವಾದದ್ದು. ಎಳನೀರು ಕುಡಿಯಲು ಕೊಡುವಂಥ ಕೊಳವೆಯೊಂದನ್ನು ತೊಳೆದಿಟ್ಟುಕೊಂಡು, ಅರ್ಧ ಲೋಟ ನೀರಿನಲ್ಲಿ ಅದರ ತುದಿಯನ್ನು ಎರಡು ಬೆರಳು ಆಳಕ್ಕೆ ಅದ್ದಿ, ಅದರ ಮೂಲಕ 'ಊ' ಎಂದು ಸ್ವರ ಹಿಡಿಯುವುದು. ಗುಳ್ಳೆಗಳು ಒಂದೇ ಸಮನೆ ಏಳುತ್ತಿರಬೇಕು, ಕೆನ್ನೆ ಸಡಿಲವಾಗಿರಬೇಕು. ಕೊಳವೆಯಲ್ಲಿ ತಡೆಯಲ್ಪಟ್ಟ ಗಾಳಿ ಬಾಯೊಳಗೆ ಒಂದು ಮೃದುವಾದ ಒತ್ತಡವನ್ನು ಉಂಟುಮಾಡುವುದರಿಂದ ಧ್ವನಿತಂತುಗಳು ಒಂದಕ್ಕೊಂದು ಬಡಿದುಕೊಳ್ಳದೆ ಮೆಲ್ಲಗೆ ಕೂಡಿ ಕಂಪಿಸುತ್ತವೆ. ವಾಕ್‌ ಚಿಕಿತ್ಸಕರು ದಣಿದ ಕಂಠದವರಿಗೆ ಇದನ್ನೇ ಹೇಳಿಕೊಡುತ್ತಾರೆ.

ಮುಂದಿನ ಹತ್ತು ನಿಮಿಷ ಷಡ್ಜ ಮತ್ತು ಮಂದ್ರಸ್ಥಾಯಿಗೆ ಮೀಸಲಿರಲಿ. ಶ್ರುತಿಯನ್ನು ಹಾಕಿಕೊಂಡು ಒಂದು ನಿಮಿಷ ಬಾಯಿ ತೆರೆಯದೆ ಕೇಳಿ. ಆಮೇಲೆ ಷಡ್ಜವನ್ನು 'ಆ' ಎಂದು ಹಿಡಿದು, ನಿಮ್ಮ ಸ್ವರ ಎಲ್ಲಿ ಮುಗಿದು ತಂಬೂರಿಯ ಸ್ವರ ಎಲ್ಲಿ ಆರಂಭವಾಯಿತು ಎಂದು ತಿಳಿಯದಷ್ಟು ಮೆಲ್ಲಗೆ ನಿಲ್ಲಿಸಿ. ಅಲ್ಲಿಂದ ನಿಷಾದ, ಧೈವತ, ಪಂಚಮಗಳಿಗೆ ಒಂದೊಂದಾಗಿ ಇಳಿದು ಪ್ರತಿಯೊಂದರ ಮೇಲೂ ಒಂದು ಉಸಿರು ನಿಲ್ಲಿ. ನನ್ನ ಗುರುಗಳು ಮೊದಲ ಮೂರು ತಿಂಗಳು ಹೇಳಿದ ಮಾತು ಒಂದೇ: "ಸ್ವಲ್ಪ ಮೆತ್ತಗೆ ಹಾಡಿ, ಶ್ರುತಿ ನಿಮಗೂ ಕೇಳಿಸಲಿ." ಜೋರಾಗಿ ಹಾಡಿದಾಗ ನಮ್ಮ ಧ್ವನಿಯೇ ಕಿವಿಯನ್ನು ತುಂಬಿಕೊಂಡು ತಂಬೂರಿಯನ್ನು ಮುಚ್ಚಿಹಾಕುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು.

ಉಳಿದ ಹದಿನೈದು ನಿಮಿಷಕ್ಕೆ ಸ್ವರಗಳನ್ನು ಕ್ರಮವಾಗಿಯೂ ಜೋಡಿಯಾಗಿಯೂ ಹಾಡುವ ಆರಂಭದ ಪಾಠಗಳಾದ ಸರಳೆ ಮತ್ತು ಜಂಟಿ ವರಸೆಗಳಿಗಿಂತ ಒಳ್ಳೆಯ ಸಾಮಗ್ರಿ ನನಗೆ ಕಂಡಿಲ್ಲ, ಭಾವಗೀತೆ ಅಥವಾ ಚಿತ್ರಗೀತೆ ಹಾಡುವವರಿಗೂ ಇದೇ ಮಾತು. ಆರಂಭದ ಪಾಠಕ್ಕೆ ಮಾಯಾಮಾಳವಗೌಳ ರಾಗವನ್ನು ಗೊತ್ತುಮಾಡಿದ ಕೀರ್ತಿಯನ್ನು ಪರಂಪರೆ ಪುರಂದರದಾಸರಿಗೆ ಸಲ್ಲಿಸುತ್ತದೆ. ಆ ಆಯ್ಕೆಯ ಹಿಂದಿನ ವಿವೇಕವನ್ನು ಹಾಡುತ್ತ ಹೋದಂತೆ ಕಂಡುಕೊಳ್ಳಬಹುದು. ಹದಿನೈದನೆಯ ಮೇಳವಾದ (ಮೂಲರಾಗವಾದ) ಈ ರಾಗದಲ್ಲಿ ಷಡ್ಜ ರಿಷಭಗಳು, ಗಾಂಧಾರ ಮಧ್ಯಮಗಳು ಒತ್ತೊತ್ತಾಗಿವೆ, ರಿಷಭ ಗಾಂಧಾರಗಳ ನಡುವೆ ಅಗಲವಾದ ಅಂತರವಿದೆ; ಪಂಚಮದಿಂದ ತಾರಷಡ್ಜದವರೆಗಿನ ಮೇಲಿನ ಅರ್ಧದಲ್ಲಿಯೂ ಅದೇ ಅಂತರಗಳು ಅದೇ ಕ್ರಮದಲ್ಲಿ ಮರಳಿ ಬರುತ್ತವೆ. ಹೀಗಾಗಿ ಕೆಳಗೆ ಸರಿಯಾಗಿ ಹಾಡಿದ್ದು ಮೇಲೆ ತಪ್ಪಿದರೆ ಕಿವಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಪ್ರತಿ ವರಸೆಯನ್ನೂ ಮೊದಲು ಸ, ರಿ, ಗ, ಮ ಎಂಬ ಸ್ವರಾಕ್ಷರಗಳಲ್ಲಿ, ಬಳಿಕ 'ಆ'ಕಾರದಲ್ಲಿ, ಆಮೇಲೆ ಈ, ಊ, ಏ, ಓಗಳಲ್ಲಿ ಹಾಡಿ. 'ಆ' ಎನ್ನುವಾಗ ಬಾಯಿ ಅಡ್ಡಕ್ಕೆ ನಗುವಂತೆ ಅಗಲವಾಗದೆ ಎರಡು ಬೆರಳು ಹಿಡಿಸುವಷ್ಟು ಉದ್ದಕ್ಕೆ ತೆರೆಯಲಿ. 'ಈ' ಬಂದಾಗ ಹೆಚ್ಚಿನವರ ಗಂಟಲು ಬಿಗಿಯುತ್ತದೆ. ಬಾಯೊಳಗೆ 'ಆ'ದ ಜಾಗವನ್ನೇ ಉಳಿಸಿಕೊಂಡು ನಾಲಿಗೆಯನ್ನು ಮಾತ್ರ ಎತ್ತಿ 'ಈ' ಎಂದು ನೋಡಿ.

ಈ ವರಸೆಗಳನ್ನು ಮೂರು ಕಾಲಗಳಲ್ಲಿ, ಅಂದರೆ ಒಂದಕ್ಕಿಂತ ಒಂದು ಇಮ್ಮಡಿ ವೇಗದಲ್ಲಿ, ಹಾಡುವುದು ರೂಢಿ. ಹವ್ಯಾಸಿಗಳು ಎರಡನೆಯ, ಮೂರನೆಯ ಕಾಲಕ್ಕೆ ಅವಸರದಿಂದ ಓಡುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಧ್ವನಿಯ ಸಂಸ್ಕಾರ ನಡೆಯುವುದು ಒಂದನೆಯ ಕಾಲದಲ್ಲಿ. ಅಲ್ಲಿ ಸ್ವರ ನಡುಗುವುದು, ಜಾರುವುದು, ಉಸಿರು ಸಾಲದೆ ಬಾಡುವುದು ಎಲ್ಲವೂ ಬಯಲಾಗುತ್ತದೆ. ಮೊದಲ ಮೂರು ತಿಂಗಳು ಒಂದನೆಯ ಕಾಲವನ್ನು ಬಿಟ್ಟು ಮುಂದೆ ಹೋಗದಿದ್ದರೂ ನಷ್ಟವಿಲ್ಲ.

ಕಿವಿಯನ್ನು ತಿದ್ದುವುದು

ಒಳ್ಳೆಯ ಶ್ರುತಿಯಲ್ಲಿ ಕೂಡಿಸಿದ ತಂಬೂರಿಯಲ್ಲಿ ನಾಲ್ಕು ತಂತಿಗಳು ಪಂಚಮ ಮತ್ತು ಷಡ್ಜಗಳನ್ನಷ್ಟೇ ನುಡಿದರೂ ಗಮನವಿಟ್ಟು ಕೇಳಿದವರಿಗೆ ಮಂದ್ರ ಷಡ್ಜದ ತಂತಿಯಿಂದ ಅಂತರಗಾಂಧಾರವೂ ಕೇಳಿಬರುತ್ತದೆ. ಇದನ್ನು ಸ್ವಯಂಭೂ ಗಾಂಧಾರವೆನ್ನುತ್ತಾರೆ. ಮೀಟದ ಸ್ವರವೊಂದು ಹೀಗೆ ಕಿವಿಗೆ ಬೀಳಲು ಆರಂಭಿಸಿದ ದಿನ ನಿಮ್ಮ ಹಾಡುಗಾರಿಕೆ ಒಂದು ಮೆಟ್ಟಿಲು ಏರಿತೆಂದು ತಿಳಿಯಿರಿ, ಏಕೆಂದರೆ ಕಿವಿಗೆ ಕೇಳದ ಸೂಕ್ಷ್ಮವನ್ನು ಕಂಠ ನುಡಿಯಲಾರದು. ಮಂಡ್ಯದಿಂದ ಮೈಸೂರಿಗೆ ಪ್ರತಿದಿನ ರೈಲಿನಲ್ಲಿ ಓಡಾಡಿದ ಆರು ವರ್ಷಗಳಲ್ಲಿ ನಾನು ಇಯರ್‌ಫೋನಿನಲ್ಲಿ ತಂಬೂರಿಯ ನಾದವನ್ನಷ್ಟೇ ಕೇಳುತ್ತ, ಮನಸ್ಸಿನಲ್ಲೇ ಸರಳೆಗಳನ್ನು ಹಾಡಿಕೊಳ್ಳುತ್ತಿದ್ದೆ. ಬಾಯಿ ತೆರೆಯದ ಆ ಸಾಧನೆಯಿಂದ ನನ್ನ ಶ್ರುತಿ ಎಷ್ಟು ಗಟ್ಟಿಯಾಯಿತೆಂದು ಹೇಳಿದರೆ ಹೊಸಬರು ನಂಬುವುದಿಲ್ಲ.

ವಾರಕ್ಕೊಮ್ಮೆ ನಿಮ್ಮ ಹಾಡನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಮೊಬೈಲ್ ನಾಲ್ಕೈದು ಅಡಿ ದೂರದಲ್ಲಿರಲಿ. ಮೊದಲ ಸಲ ಕೇಳಿದಾಗ 'ಇದು ನನ್ನ ಧ್ವನಿಯೇ?' ಎಂದು ಎಲ್ಲರಿಗೂ ಆಘಾತವಾಗುತ್ತದೆ. ಹಾಡುವಾಗ ನಮ್ಮ ಧ್ವನಿ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಯ ಮೂಳೆಗಳ ಮೂಲಕವೂ ಒಳಗಿವಿಯನ್ನು ತಲುಪುವುದರಿಂದ ನಮಗೆ ಅದು ಗಂಭೀರವಾಗಿ, ತುಂಬಿದಂತೆ ಕೇಳುತ್ತದೆ; ಮುದ್ರಿಕೆಯಲ್ಲಿ ಮೂಳೆಯ ಪಾಲು ಇರುವುದಿಲ್ಲ. ಇತರರು ಇಷ್ಟು ವರ್ಷ ಕೇಳುತ್ತ ಬಂದದ್ದು ಆ ಮುದ್ರಿಕೆಯ ಧ್ವನಿಯನ್ನೇ, ಆದ್ದರಿಂದ ನಾಚಿಕೊಳ್ಳುವಂಥದ್ದೇನೂ ಇಲ್ಲ. ಹಾಡಿದ ದಿನವೇ ಕೇಳದೆ ಮರುದಿನ ಕೇಳಿ, ಒಂದು ಸಲಕ್ಕೆ ಒಂದೇ ಅಂಶವನ್ನು ಗಮನಿಸಿ: ಮೊದಲ ಸಲ ಶ್ರುತಿ, ಎರಡನೆಯ ಸಲ ಲಯ, ಮೂರನೆಯ ಸಲ ಸಾಹಿತ್ಯದ ಉಚ್ಚಾರಣೆ. ಸ್ವರ ಎಷ್ಟು ತಪ್ಪಿದೆಯೆಂದು ಮುಳ್ಳಿನಲ್ಲಿ ತೋರಿಸುವ ಟ್ಯೂನರ್ ಆ್ಯಪ್‌ಗಳನ್ನು ನಿಂತ ಸ್ವರಗಳ ಪರೀಕ್ಷೆಗೆ ಮಾತ್ರ ಬಳಸಬೇಕು. ಗಮಕದಲ್ಲಿ ಸ್ವರ ಚಲಿಸುತ್ತಲೇ ಇರುವುದರಿಂದ ಅಲ್ಲಿ ಆ ಮುಳ್ಳಿನ ತೀರ್ಪಿಗೆ ಬೆಲೆಯಿಲ್ಲ.

ಕಛೇರಿಗಳಿಗೆ ಹೋಗಿ ಕೇಳುವುದೂ ಸಾಧನೆಯ ಭಾಗ. ಮೈಸೂರಿನ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವದ ಪೆಂಡಾಲಿನಲ್ಲಾಗಲಿ, ಕುವೆಂಪುನಗರದ ಗಾನಭಾರತಿಯ ವೀಣೆ ಶೇಷಣ್ಣ ಭವನದಲ್ಲಾಗಲಿ ಒಂದು ಸಂಜೆ ಪಕ್ಕದ ಸಾಲಿನಲ್ಲಿ ಕುಳಿತು, ಗಾಯಕರು ಉಸಿರು ತೆಗೆದುಕೊಳ್ಳುವ ಜಾಗಗಳನ್ನಷ್ಟೇ ಗಮನಿಸಿ ನೋಡಿ. ಭುಜ ಅಲುಗದೆ, ಸದ್ದಾಗದೆ, ಎರಡು ಪದಗಳ ನಡುವಿನ ಸಂದಿನಲ್ಲಿ ಅವರು ಉಸಿರನ್ನು ಹೇಗೆ ಕದಿಯುತ್ತಾರೆಂಬುದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಅಲ್ಲಿ ತಿಳಿಯುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪಾಠವನ್ನು ನಾನು ಕಲಿತದ್ದು ನಮ್ಮ ಜಿಲ್ಲೆಯ ನೀಲಗಾರರಿಂದ. ಮಂಟೇಸ್ವಾಮಿಯ ಕಥೆಯನ್ನು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಅವರ ಕಂಠ ಬೆಳಗಿನ ಜಾವದಲ್ಲಿಯೂ ಹೇಗೆ ನಿಂತಿರುತ್ತದೆ ಎಂಬುದು ಬಾಲ್ಯದಲ್ಲಿ ನನಗೆ ಬಿಡಿಸಲಾಗದ ಒಗಟಾಗಿತ್ತು. ದೊಡ್ಡವನಾದ ಮೇಲೆ ಪಕ್ಕದಲ್ಲಿ ಕುಳಿತು ಗಮನಿಸಿದಾಗ ತಿಳಿಯಿತು: ಮುಖ್ಯ ಗಾಯಕರು ಕಥೆಯ ಬಹುಭಾಗವನ್ನು ಮಾತಿಗೆ ಹತ್ತಿರವಾದ ಶ್ರುತಿಯಲ್ಲಿ ನಡೆಸುತ್ತಾರೆ, ಸೊಲ್ಲಿನ ಕೊನೆಯನ್ನು ಹಿಮ್ಮೇಳದವರು ಎತ್ತಿಕೊಂಡು ಎಳೆದು ಹಾಡುವಾಗ ಮುಖ್ಯ ಗಾಯಕರ ಗಂಟಲಿಗೆ ವಿಶ್ರಾಂತಿ ಸಿಗುತ್ತದೆ. ಗಂಟೆಗಟ್ಟಲೆ ಭಜನೆ ಮಾಡುವ ಮಂಡಳಿಗಳು ಇದನ್ನೇ ಅನುಸರಿಸಬೇಕು. ಹೇಳಿಕೊಡುವವರು ಸಾಲು ಮುಗಿಸಿದ ಮೇಲೆ ಹಿಂದಿನವರ ಜೊತೆಗೂ ಸೇರಿ ಹಾಡುವ ಅಗತ್ಯವಿಲ್ಲ. ನಾಲ್ಕು ಹಾಡಿಗೊಮ್ಮೆ ಹೇಳಿಕೊಡುವವರೇ ಬದಲಾಗಲಿ.

ಪದಗಳ ಮೇಲೆ ನಿಲ್ಲುವುದು

ಕನ್ನಡದಲ್ಲಿ ಹಾಡುವವರಿಗೆ ಭಾಷೆಯೇ ಒಂದು ಸಹಾಯ ಮಾಡಿದೆ. ನಮ್ಮ ಪದಗಳು ಬಹುಮಟ್ಟಿಗೆ ಅ, ಇ, ಉ ಮೊದಲಾದ ವರ್ಣಮಾಲೆಯ ಸ್ವರಗಳಲ್ಲಿಯೇ ಮುಗಿಯುತ್ತವೆ, ಆದ್ದರಿಂದ ಸಾಲಿನ ಕೊನೆಯಲ್ಲಿ ನಾದವನ್ನು ನಿಲ್ಲಿಸಲು ಸಹಜವಾದ ಜಾಗ ದೊರೆಯುತ್ತದೆ. ಕಾರ್ವೆ, ಅಂದರೆ ನಾದವನ್ನು ಎಳೆದು ನಿಲ್ಲಿಸಬೇಕಾದ ಜಾಗ, ಬಂದಾಗ ವ್ಯಂಜನವನ್ನು ಕ್ಷಣದಲ್ಲಿ ಮುಟ್ಟಿ ಅದರ ಮುಂದಿನ ಸ್ವರದ ಮೇಲೆ ನಿಲ್ಲಬೇಕು. 'ಚಂದ್ರ' ಎಂಬ ಪದವನ್ನು ಎಳೆಯಬೇಕಾದಾಗ ಬಿಂದುವಿನ ಮೇಲೆ ಎಳೆದರೆ ಧ್ವನಿ ಮೂಗಿನಲ್ಲಿ ಸಿಕ್ಕಿಕೊಳ್ಳುತ್ತದೆ, 'ಚ'ದ ಅಕಾರದ ಮೇಲೆ ಎಳೆದರೆ ತೆರೆದುಕೊಳ್ಳುತ್ತದೆ. ಮಹಾಪ್ರಾಣಗಳನ್ನು ಒತ್ತಿ ಹೇಳುವ ಉತ್ಸಾಹದಲ್ಲಿ ಉಸಿರು ಬಹಳ ಖರ್ಚಾಗುತ್ತದೆ, ಅವು ಸ್ಪಷ್ಟವಾಗಿದ್ದರೆ ಸಾಕು. ನಮ್ಮ ಮಂಡ್ಯದ ಆಡುಮಾತಿನಲ್ಲಿ 'ಹಾಲು' 'ಆಲು' ಆಗುವುದು ಸಹಜ ಮತ್ತು ಸುಂದರ. ಜಾನಪದ ಗೀತೆಗೆ ಅದು ಜೀವವನ್ನೂ ಕೊಡುತ್ತದೆ. ದಾಸರ ಪದವನ್ನೋ ಭಾವಗೀತೆಯನ್ನೋ ಹಾಡುವಾಗ ಮಾತ್ರ ಹಕಾರವನ್ನು ಉಳಿಸಿಕೊಳ್ಳಬೇಕು. ಉಸಿರನ್ನು ಪದದ ನಡುವೆ ಮುರಿಯದಂತೆ, ಹಾಡನ್ನು ಬರೆದುಕೊಂಡ ಹಾಳೆಯಲ್ಲಿ ಉಸಿರಿನ ಜಾಗಗಳಿಗೆ ಪೆನ್ಸಿಲಿನಿಂದ ಸಣ್ಣ ಗೀಟು ಹಾಕಿಟ್ಟುಕೊಳ್ಳಿ.

ಗಂಟಲಿನ ರಕ್ಷಣೆ

ಕೆಲವು ವರ್ಷಗಳ ಹಿಂದೆ ರಾಮನವಮಿಯ ದಿನಗಳಲ್ಲಿ ನೆಗಡಿಯಿದ್ದರೂ ನಾನು ಮೂರು ಸಂಜೆ ಒಂದೇ ಸಮನೆ ಹಾಡಿದೆ. ನೋವು ಗೊತ್ತಾಗದಿರಲೆಂದು ಗಂಟಲನ್ನು ಮರಗಟ್ಟಿಸುವ ಮಾತ್ರೆಗಳನ್ನು ಚೀಪುತ್ತ ಹಾಡಿದ್ದು ದೊಡ್ಡ ತಪ್ಪಾಯಿತು, ಏಕೆಂದರೆ ನಿಲ್ಲಿಸೆಂದು ದೇಹ ಕೊಡುತ್ತಿದ್ದ ಎಚ್ಚರಿಕೆಯನ್ನೇ ನಾನು ಬಾಯಿ ಮುಚ್ಚಿಸಿದ್ದೆ. ಒಂದು ತಿಂಗಳಾದರೂ ಧ್ವನಿ ಒಡಕಾಗಿಯೇ ಉಳಿದಾಗ ಪರೀಕ್ಷಿಸಿದ ವೈದ್ಯರು ಧ್ವನಿತಂತುಗಳ ಅಂಚಿನಲ್ಲಿ ಊತವನ್ನು ತೋರಿಸಿದರು. ಒಂದು ವಾರದ ಮೌನ, ಎರಡು ತಿಂಗಳ ಧ್ವನಿ ಚಿಕಿತ್ಸೆಯ ಬಳಿಕ ಕಂಠ ಮರಳಿತು. ಎಚ್ಚರ ವಹಿಸದಿದ್ದರೆ ಅಂಥ ಊತ ಗಂಟಾಗಿ ಬೆಳೆಯಬಹುದು. ಆದ್ದರಿಂದ ಒಡಕು ಧ್ವನಿ ಮೂರು ವಾರ ಮೀರಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕಿವಿ ಮೂಗು ಗಂಟಲಿನ ತಜ್ಞರನ್ನು ಕಾಣಿರಿ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದ್ದು, ಧ್ವನಿಯ ತೊಂದರೆಗಳನ್ನು ಪರೀಕ್ಷಿಸಿ ಚಿಕಿತ್ಸೆ ನೀಡುವ ವಿಭಾಗ ಅಲ್ಲಿರುವುದು ಈ ಭಾಗದ ಹಾಡುಗಾರರ ಪುಣ್ಯವೆಂದೇ ನಾನು ಭಾವಿಸುತ್ತೇನೆ.

ದಿನನಿತ್ಯದ ಮಟ್ಟಿಗೆ ಕೆಲವೇ ಮಾತುಗಳು. ಕುಡಿದ ನೀರು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ದೇಹವೆಲ್ಲ ತಣಿದ ಮೇಲೆ ಅವುಗಳಿಗೆ ತೇವ ದೊರೆಯುತ್ತದೆ. ಆದ್ದರಿಂದ ಹಾಡುವ ಮುನ್ನ ಒಂದು ಲೋಟ ಕುಡಿಯುವುದಕ್ಕಿಂತ ಬೆಳಗಿನಿಂದಲೇ ಗುಟುಕು ಗುಟುಕಾಗಿ ಕುಡಿಯುತ್ತಿರುವುದು ಮುಖ್ಯ. ಹಬೆ ಮಾತ್ರ ನೇರವಾಗಿ ಅಲ್ಲಿಗೆ ತಲುಪುತ್ತದೆ. ಬರೀ ನೀರಿನ ಹಬೆ ಸಾಕು, ಖಾರವಾದ ಮುಲಾಮುಗಳು ಬೇಡ. ಫಿಲ್ಟರ್ ಕಾಫಿ ಬಿಡಬೇಕೆಂದು ನಾನು ಹೇಳುವುದಿಲ್ಲ, ಅದರ ಜೊತೆಗೆ ಒಂದು ಲೋಟ ನೀರೂ ಇರಲಿ. ಅತಿಮಧುರದ ಚೂರನ್ನು ಬಾಯಲ್ಲಿಟ್ಟುಕೊಳ್ಳುವುದು ಹಿತವೆನಿಸುತ್ತದೆ, ಆದರೆ ಅದು ರಕ್ತದೊತ್ತಡವನ್ನು ಏರಿಸಬಲ್ಲದಾದ್ದರಿಂದ ಆ ತೊಂದರೆಯಿರುವವರು ಪ್ರತಿದಿನ ಬಳಸಬಾರದು. ರಾತ್ರಿ ತಡವಾಗಿ ಉಂಡು ತಕ್ಷಣ ಮಲಗಿದರೆ ಹೊಟ್ಟೆಯ ಆಮ್ಲ ಮೇಲಕ್ಕೆ ಬಂದು ಗಂಟಲನ್ನು ಸುಡುತ್ತದೆ, ಬೆಳಿಗ್ಗೆ ಕಂಠ ಭಾರವಾಗಿರುವುದಕ್ಕೆ ಅನೇಕರಲ್ಲಿ ಇದೇ ಕಾರಣ. ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆಯ ಅಂತರವಿರಲಿ. ಪದೇ ಪದೇ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ತಂತುಗಳಿಗೆ ಪೆಟ್ಟು ಕೊಡುತ್ತದೆ. ಅದರ ಬದಲು ಒಂದು ಗುಟುಕು ನೀರನ್ನು ನುಂಗಿ. ಕಬ್ಬಿನ ತರಗು ಸುಡುವ ದಿನಗಳಲ್ಲಿ ನಮ್ಮ ಊರುಗಳ ಕಡೆ ಬೆಳಗಿನ ಗಾಳಿಯಲ್ಲಿ ಹೊಗೆ ನಿಂತಿರುವುದರಿಂದ ಸಾಧನೆಯನ್ನು ಕಿಟಕಿ ಮುಚ್ಚಿ ಅಥವಾ ಸಂಜೆಗೆ ಮುಂದೂಡಿ ಮಾಡುವುದು ಒಳ್ಳೆಯದು.

ಹಾಡುವ ದಿನ

ಮೈಕ್ ಇಲ್ಲದ ಕಾಲದಲ್ಲಿ ಪಿಟೀಲಿನ ನಾದ ದೂರದವರೆಗೆ ಕೇಳಲೆಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ರೂಪಿಸಿಕೊಂಡರು. ಇಂದು ಆ ಕೆಲಸವನ್ನು ಮೈಕ್ ಮಾಡುತ್ತದೆ. ಹೀಗಿದ್ದೂ ಮೈಕ್ ಮುಂದೆ ಕುಳಿತು ಕೂಗುವವರೇ ನಮ್ಮಲ್ಲಿ ಹೆಚ್ಚು. ಅದಕ್ಕೆ ಕಾರಣ ಅವರಿಗೆ ತಮ್ಮ ಧ್ವನಿ ಕೇಳಿಸದಿರುವುದು. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಹೋಗಿ, ಮೈಕಿನವರಿಗೆ ನಿಮ್ಮ ಕಡೆಗೊಂದು ಸ್ಪೀಕರ್ ತಿರುಗಿಸಲು ಹೇಳಿ, ಅದರಲ್ಲಿ ಮೊದಲು ಶ್ರುತಿಯೂ ಆಮೇಲೆ ನಿಮ್ಮ ಧ್ವನಿಯೂ ಸ್ಪಷ್ಟವಾಗಿ ಕೇಳುವಂತೆ ಮಾಡಿಸಿಕೊಳ್ಳಿ. ಮೈಕ್ ಬಾಯಿಂದ ನಾಲ್ಕೈದು ಬೆರಳು ದೂರದಲ್ಲಿ, ಸ್ವಲ್ಪ ಓರೆಯಾಗಿರಲಿ. ತಾರಸ್ಥಾಯಿಗೆ ಹೋದಾಗ ಒಂದು ಗೇಣು ಹಿಂದಕ್ಕೆ ಸರಿಯಿರಿ.

ಆ ದಿನ ಹೊಸ ಹಾಡನ್ನು ಪ್ರಯತ್ನಿಸಬೇಡಿ, ಬೆಳಗಿನಿಂದ ಹಾಡಿ ಹಾಡಿ ದಣಿಯಲೂ ಬೇಡಿ. ಹೊರಡುವ ಮುನ್ನ ಹತ್ತು ನಿಮಿಷದ ಗುನುಗು, ಕೊಳವೆಯ ಅಭ್ಯಾಸ, ಒಂದು ಸರಳೆ ಸಾಕು. ಮೊದಲ ಹಾಡು ಮಧ್ಯಸ್ಥಾಯಿಯಲ್ಲೇ ಸಂಚರಿಸುವಂಥದ್ದಾಗಿರಲಿ, ತಾರಸ್ಥಾಯಿಯ ಹಾಡನ್ನು ಮೂರನೆಯದಕ್ಕೆ ಇಟ್ಟುಕೊಳ್ಳಿ. ಕಾರ್ಯಕ್ರಮ ಮುಗಿದ ಮೇಲೆ ಪೆಂಡಾಲಿನ ಗದ್ದಲದಲ್ಲಿ ಪರಿಚಿತರೊಡನೆ ಕೂಗಿ ಮಾತಾಡುವುದೇ ಅನೇಕರ ಕಂಠವನ್ನು ಹಾಡಿಗಿಂತ ಹೆಚ್ಚು ಕೆಡಿಸುತ್ತದೆ. ಸ್ವಲ್ಪ ದೂರಕ್ಕೆ ಸರಿದು ಹತ್ತಿರ ನಿಂತು ಮಾತಾಡಿ. ಪಿಸುಮಾತಿನಿಂದಲೂ ತಂತುಗಳು ದಣಿಯುವುದರಿಂದ ಅದು ಪರಿಹಾರವಲ್ಲ. ಮನೆಗೆ ಬಂದು ಎರಡು ನಿಮಿಷ ತುಟಿ ಮುಚ್ಚಿ ಮೇಲಿನಿಂದ ಮಂದ್ರದವರೆಗೆ ಮೆಲ್ಲಗೆ ಗುನುಗುತ್ತ ಇಳಿಯಿರಿ, ಮರುದಿನದ ಸಾಧನೆಯನ್ನು ಮಂದ್ರಕ್ಕೆ ಮಾತ್ರ ಸೀಮಿತಗೊಳಿಸಿ, ಹಿಂದಿನ ಸಂಜೆಯ ಮುದ್ರಿಕೆಯನ್ನು ಅದರ ಮರುದಿನ ಕೇಳಲು ಎತ್ತಿಟ್ಟುಕೊಳ್ಳಿ.